ಅಳತೆಯ ಚೀಟಿ ಇಲ್ಲದೆ ರೆಸಿನ್ ಕೊಳ್ಳಬೇಡಿ



ಬೋರ್ಡೋ ದ್ರಾವಣ ಮಾಡುವಾಗ ನಮ್ಮಲ್ಲಿ ಯಾರೂ ಕೈಯಂದಾಜಿಗೆ ಹೋಗುವುದಿಲ್ಲ. ಶೇಕಡಾ ಒಂದರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬುದು ಅಕ್ಷರ ಬಾರದ ಕೊನೆಗಾರನಿಗೂ ಬಾಯಿಪಾಠ. ಅಷ್ಟಕ್ಕೇ ಬಿಡದೆ, ಹೊಳೆಯುವ ಚೂರಿಯನ್ನು ಅದ್ದಿ ತಾಮ್ರದ ಬಣ್ಣ ಹಿಡಿಯಿತೇ ಎಂದು ನೋಡಿ, ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಆಮೇಲೆಯೇ ಮರಕ್ಕೆ ಹೊಡೆಯುತ್ತೇವೆ. ಆದರೆ ಅದೇ ದ್ರಾವಣದ ಫೈಬರ್ ಟ್ಯಾಂಕು ಸೀಳಿತೆನ್ನಿ. ಆಗ ನಮ್ಮ ಲೆಕ್ಕವೆಲ್ಲ ಎಲ್ಲಿಗೋ ಹೋಗಿ, "ಒಂದು ಡಬ್ಬ ರೆಸಿನ್, ನಾಲ್ಕು ಮೀಟರ್ ಮ್ಯಾಟ್ ಕೊಡಿ, ಸಾಲದಿದ್ದರೆ ಮತ್ತೆ ಬರುತ್ತೇನೆ" ಎಂಬ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. ಈ ಪದ್ಧತಿ ಬದಲಾಗಬೇಕು, ಬದಲಾಯಿಸುವುದರಲ್ಲಿ ನಮ್ಮ ಸಂಘವೂ ಒಂದು ಹೆಜ್ಜೆ ಮುಂದಿಡಬೇಕು ಎಂಬುದು ಈ ಬರಹದ ಉದ್ದೇಶ.

ಫೈಬರ್‌ಗ್ಲಾಸ್ ಈಗ ತೋಟದ ಮನೆಗೆ ಹೊಸ ನೆಂಟನಲ್ಲ. ಔಷಧಿ ಕಲಸುವ ತೊಟ್ಟಿ, ನೀರಿನ ಟ್ಯಾಂಕು, ಅಡಿಕೆ ಅಂಗಳದ ಮೇಲಿನ ಬೆಳಕು ಬೀಳುವ ತಗಡು, ಜೀಪಿನ ಮೇಲ್ಛಾವಣಿ, ಹಿನ್ನೀರಿನ ಅಂಚಿನವರ ದೋಣಿ, ಎಲ್ಲವೂ ಅದರಿಂದಲೇ ಆಗಿವೆ. 1953ರಲ್ಲಿ ಅಮೆರಿಕದ ಷೆವರ್ಲೆಯವರು ಕಾರ್ವೆಟ್ ಎಂಬ ಕಾರಿನ ಇಡೀ ಮೈಯನ್ನೇ ಇದರಿಂದ ಮಾಡಿದರು. ಗಾಜಿನ ನೂಲು ಬಲ ಕೊಡುತ್ತದೆ, ರೆಸಿನ್ ಅದನ್ನು ಹಿಡಿದಿಡುತ್ತದೆ, ಅಷ್ಟೇ ಇದರ ಗುಟ್ಟು. ಒಡೆದರೆ ಮನೆಯಲ್ಲೇ ತೇಪೆ ಹಾಕಿಕೊಳ್ಳಬಹುದು ಎಂಬುದು ಇದರ ದೊಡ್ಡ ಗುಣ. ಮಲ್ಪೆ, ಗಂಗೊಳ್ಳಿಯ ಕಡೆಯ ಮೀನುಗಾರರು ತಮ್ಮ ಫೈಬರ್ ದೋಣಿಗಳನ್ನು ದಡಕ್ಕೆಳೆದು ತಾವೇ ದುರಸ್ತಿ ಮಾಡಿಕೊಳ್ಳುವಾಗ, ನಮ್ಮಿಂದ ಒಂದು ಟ್ಯಾಂಕು ಆಗದೇ?

ಆಗುತ್ತದೆ. ಆದರೆ ಅಳತೆಯಿಲ್ಲದೆ ಹೊರಟರೆ ಎರಡು ಬಗೆಯ ನಷ್ಟ ಖಂಡಿತ. ಹೆಚ್ಚು ಕೊಂಡವರ ಮನೆಯಲ್ಲಿ ಉಳಿದ ರೆಸಿನ್ ಮುಂದಿನ ವರ್ಷಕ್ಕೆ ಹಲಸಿನ ಮೇಣದಂತಾಗಿ ಡಬ್ಬದ ಸಮೇತ ಕಸವಾಗುತ್ತದೆ. ಕಡಿಮೆ ಕೊಂಡವರದು ಇನ್ನೂ ದೊಡ್ಡ ನಷ್ಟ. ಐದು ಪದರ ಬೇಕಾದಲ್ಲಿ ಎರಡು ಪದರ ಹಾಕಿ ಬಣ್ಣ ಬಳಿದಿರುತ್ತಾರೆ. ಜೂನ್ ತಿಂಗಳಲ್ಲಿ ತುಂಬಿದ ತೊಟ್ಟಿ ಮತ್ತೆ ಸೀಳುತ್ತದೆ. ಆಗ ಹೊರಗೆ ಮಳೆ, ಒಳಗೆ ತೇವ, ಮರದ ಮೇಲೆ ಕೊಳೆರೋಗದ ಭಯ. ದುರಸ್ತಿಗೆ ಸಮಯವೂ ಇಲ್ಲ, ಹವೆಯೂ ಇಲ್ಲ.

ಮೊದಲು ನೋಡತಕ್ಕದ್ದು, ಒಡೆದಿರುವುದು ನಿಜವಾಗಿಯೂ ಫೈಬರ್‌ಗ್ಲಾಸ್ ಹೌದೇ ಎಂಬುದನ್ನು. ಮನೆಯ ಮೇಲೆ ಕಾಣುವ ಕಪ್ಪು ಟ್ಯಾಂಕುಗಳು ಬಹುಪಾಲು ಪಾಲಿಥೀನಿನವು. ಪಾಲಿಥೀನಿಗೆ ಈ ರೆಸಿನ್ ಅಂಟುವುದೇ ಇಲ್ಲ, ಒಣಗಿದ ಮೇಲೆ ತೇಪೆ ಹಪ್ಪಳದಂತೆ ಎದ್ದು ಬರುತ್ತದೆ. ಪರೀಕ್ಷೆ ಸುಲಭ. ಒಡೆದ ಅಂಚಿನಲ್ಲಿ ಗಾಜಿನ ಎಳೆಗಳು ಕಂಡರೆ, ಉಜ್ಜುಕಾಗದ ತಿಕ್ಕಿದಾಗ ಒಣ ಪುಡಿ ಉದುರಿದರೆ ಅದು ಫೈಬರ್. ಚೂರಿಯಿಂದ ಕೆರೆದಾಗ ಮೇಣದಂತೆ ಸುರುಳಿ ಎದ್ದರೆ ಅದು ಪಾಲಿಥೀನ್. ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ, ರೆಸಿನ್ನಿನ ಹಣ ಉಳಿಯಿತು.

ಇನ್ನು ಲೆಕ್ಕ. ಇದಕ್ಕೆ ಬೇಕಾದುದು ಒಂದು ಅಳತೆ ಟೇಪು, ಒಂದು ತುಂಡು ದಾರ, ಒಂದು ಪೆನ್ಸಿಲು. ಬರೆಯಬೇಕಾದುದು ನಾಲ್ಕೇ ಸಾಲು: ತೇಪೆಯ ವಿಸ್ತೀರ್ಣ, ಪದರಗಳ ಸಂಖ್ಯೆ, ಮ್ಯಾಟಿನ ತೂಕ, ರೆಸಿನ್ನಿನ ತೂಕ.

ವಿಸ್ತೀರ್ಣವೆಂದರೆ ಬಿರುಕಿನ ವಿಸ್ತೀರ್ಣವಲ್ಲ, ತೇಪೆಯದು. ಹೊಸ ಪದರಕ್ಕೆ ಹಿಡಿತ ಸಿಗಬೇಕಾದರೆ ಒಡೆದ ಜಾಗದ ಸುತ್ತ ಹಳೆಯ ಮೈಯನ್ನು ಇಳಿಜಾರಾಗಿ ಉಜ್ಜಬೇಕು. ಆ ಇಳಿಜಾರು ಗೋಡೆಯ ದಪ್ಪದ ಸುಮಾರು ಹನ್ನೆರಡು ಪಟ್ಟು ಅಗಲವಿರಲಿ ಎಂಬುದು ಈ ಕೆಲಸದವರು ಪಾಲಿಸುವ ಅಳತೆ. ಗೋಡೆ 5 ಮಿ.ಮೀ. ದಪ್ಪವಿದ್ದರೆ ಸುತ್ತಲೂ 6 ಸೆಂ.ಮೀ. ಆಯಿತು. ಅದರಾಚೆ ಸ್ವಲ್ಪ ಸೇರಿಸಿ 7.5 ಸೆಂ.ಮೀ., ಅಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಮೂರಂಗುಲ ಹಿಡಿಯಿರಿ.

ಪದರಗಳ ಸಂಖ್ಯೆ ದಪ್ಪದಿಂದ ಬರುತ್ತದೆ. ಕತ್ತರಿಸಿದ ಎಳೆಗಳ ಮ್ಯಾಟು ಪೇಟೆಯಲ್ಲಿ ಸಾಮಾನ್ಯವಾಗಿ ಚದರ ಮೀಟರಿಗೆ 300 ಗ್ರಾಂ, 450 ಗ್ರಾಂ, 600 ಗ್ರಾಂ ಎಂಬ ತೂಕಗಳಲ್ಲಿ ಸಿಗುತ್ತದೆ. ರೆಸಿನ್ ಕುಡಿದು ಗಟ್ಟಿಯಾದ ಮೇಲೆ 450 ಗ್ರಾಮಿನ ಒಂದು ಪದರ ಹೆಚ್ಚುಕಡಿಮೆ 1 ಮಿ.ಮೀ. ದಪ್ಪವಾಗುತ್ತದೆ. ಆದಕಾರಣ 5 ಮಿ.ಮೀ. ಗೋಡೆಗೆ ಐದು ಪದರ.

ರೆಸಿನ್ನು ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ಬೇಕು. ಮನೆಗೆಲಸಕ್ಕೆ ಎರಡೂವರೆ ಪಟ್ಟೇ ಹಿಡಿಯುವುದು ಕ್ಷೇಮ. ಇನ್ನೂ ಹೆಚ್ಚು ಸುರಿದರೆ ಬಲ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ಬಲವಿರುವುದು ಗಾಜಿನಲ್ಲಿ. ಗಾಜಿಲ್ಲದೆ ಬರೀ ರೆಸಿನ್ ನಿಂತ ಜಾಗ ಬೇಗ ಬಿರಿಯುತ್ತದೆ. ಅಡಿಯ ಲೆಕ್ಕದವರು ಇಷ್ಟು ನೆನಪಿಟ್ಟರೆ ಸಾಕು: 450 ಗ್ರಾಮಿನ ಮ್ಯಾಟಾದರೆ ಒಂದು ಚದರ ಅಡಿಗೆ ಒಂದು ಪದರಕ್ಕೆ 42 ಗ್ರಾಂ ಮ್ಯಾಟು, 105 ಗ್ರಾಂ ರೆಸಿನ್.

ಒಂದು ಉದಾಹರಣೆ ನೋಡೋಣ. ತೊಟ್ಟಿಯ ಗೋಡೆ 5 ಮಿ.ಮೀ. ದಪ್ಪ, ಒಡೆದ ಜಾಗ 40 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಸುತ್ತ 7.5 ಸೆಂ.ಮೀ. ಸೇರಿಸಿದರೆ ತೇಪೆ 55 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, ಎಂದರೆ 0.11 ಚದರ ಮೀಟರ್. ಐದು ಪದರಕ್ಕೆ 0.55 ಚದರ ಮೀಟರ್ ಮ್ಯಾಟು, ತೂಕದಲ್ಲಿ ಸುಮಾರು 250 ಗ್ರಾಂ. ರೆಸಿನ್ ಎರಡೂವರೆ ಪಟ್ಟು, 625 ಗ್ರಾಂ. ಕುಂಚಕ್ಕೆ, ಡಬ್ಬದ ತಳಕ್ಕೆ, ಕತ್ತರಿಸಿದ ಚೂರಿಗೆ ಎಂದು ಶೇಕಡಾ 15 ಸೇರಿಸಿ. ಮೇಲೆ ಕೊನೆಯ ಹೊದಿಕೆ ಬಳಿಯಲು ಚದರ ಮೀಟರಿಗೆ 500 ಗ್ರಾಮಿನಂತೆ 55 ಗ್ರಾಂ. ಎಲ್ಲ ಕೂಡಿದರೆ 290 ಗ್ರಾಂ ಮ್ಯಾಟು, ಸುಮಾರು 775 ಗ್ರಾಂ ರೆಸಿನ್. ಒಂದು ಕಿಲೋ ಡಬ್ಬ ಧಾರಾಳವಾಯಿತು. ಇದೇ ಕೆಲಸಕ್ಕೆ 5 ಕಿಲೋ ಒಯ್ಯುವವರಿದ್ದಾರೆ.

ಅಂಗಳದ ಅಲೆಅಲೆಯ ತಗಡಿಗೆ ಲೆಕ್ಕ ಇದೇ, ಅಳೆಯುವ ಬಗೆ ಮಾತ್ರ ಬೇರೆ. ಟೇಪನ್ನು ಅಲೆಯ ನೆತ್ತಿಯಿಂದ ನೆತ್ತಿಗೆ ನೇರವಾಗಿ ಹಿಡಿದರೆ ಅಳತೆ ಕಡಿಮೆ ಬರುತ್ತದೆ, ಏಕೆಂದರೆ ಮ್ಯಾಟು ಅಲೆಯ ಹಳ್ಳಕ್ಕೂ ಇಳಿಯಬೇಕು. ದಾರವನ್ನು ಅಲೆಯ ಮೇಲೆ ಅಂಟಿಸಿದಂತೆ ಎಳೆದು, ಆಮೇಲೆ ಆ ದಾರವನ್ನು ಅಳೆಯಿರಿ. ದಾರ 47 ಸೆಂ.ಮೀ. ಬಂದು, ಇನ್ನೊಂದು ಬದಿ 30 ಸೆಂ.ಮೀ. ಇದ್ದರೆ, 300 ಗ್ರಾಮಿನ ಮ್ಯಾಟು ಎರಡು ಪದರಕ್ಕೆ 85 ಗ್ರಾಂ, ರೆಸಿನ್ 215 ಗ್ರಾಂ. ಸಣ್ಣ ಕೆಲಸದಲ್ಲಿ ವ್ಯರ್ಥವಾಗುವ ಪ್ರಮಾಣ ಹೆಚ್ಚು, ಶೇಕಡಾ 20 ಹಿಡಿದರೂ ರೆಸಿನ್ ಕಾಲು ಕಿಲೋ ಆಸುಪಾಸು. ಆಲಿಕಲ್ಲಿಗೋ ಬಿದ್ದ ಕೊಂಬೆಗೋ ತೂತಾದ ತಗಡಿಗೆ ಇದಕ್ಕಿಂತ ಹೆಚ್ಚು ಬೇಡ.

ಮೂರನೆಯ ಉದಾಹರಣೆಯಲ್ಲಿ ಅಂದಾಜಿನ ನಿಜವಾದ ಬೆಲೆ ತಿಳಿಯುತ್ತದೆ. 1.1 ಮೀಟರ್ ವ್ಯಾಸದ ಟ್ಯಾಂಕಿನ ತಳವೇ ಸವೆದು ಒಸರುತ್ತಿದೆ. ತಳದ ವಿಸ್ತೀರ್ಣ 0.95 ಚದರ ಮೀಟರ್. ಗೋಡೆಯ ಮೇಲೆ ಸುತ್ತ 10 ಸೆಂ.ಮೀ. ಹತ್ತಿಸಿದರೆ 0.35. ಒಟ್ಟು 1.3 ಚದರ ಮೀಟರ್. ಮೂರು ಪದರವೆಂದರೆ 3.9 ಚದರ ಮೀಟರ್, ಸುಮಾರು 1.75 ಕೆ.ಜಿ. ಮ್ಯಾಟು, 4.4 ಕೆ.ಜಿ. ರೆಸಿನ್. ವ್ಯರ್ಥವಾಗುವುದೂ ಕೊನೆಯ ಹೊದಿಕೆಯೂ ಸೇರಿ ರೆಸಿನ್ 5.7 ಕೆ.ಜಿ. ದಾಟುತ್ತದೆ. ಅದರ ಮೇಲೆ ಕುಂಚ, ಕೈಗವಸು, ಉಜ್ಜುಕಾಗದ, ತೊಳೆಯಲು ಅಸಿಟೋನ್, ಎರಡು ಆಳಿನ ಕೂಲಿ. ಇಷ್ಟನ್ನು ಬರೆದು ಬೆಲೆ ಹಾಕಿ, ಹೊಸ ಟ್ಯಾಂಕಿನ ಬೆಲೆಯ ಪಕ್ಕದಲ್ಲಿಡಿ. ಮೂಗಿಗಿಂತ ಮೂಗುತಿ ಭಾರವೆಂದು ಕಂಡರೆ ಹೊಸದನ್ನೇ ತನ್ನಿ. ಅಂದಾಜು ಎಂಬುದು ಕೊಳ್ಳುವ ಪಟ್ಟಿ ಮಾತ್ರವಲ್ಲ, ಆ ಕೆಲಸ ಮಾಡಬೇಕೇ ಬೇಡವೇ ಎಂಬ ತೀರ್ಮಾನವೂ ಹೌದು. ಮೊದಲ ಡಬ್ಬ ಕೊಂಡ ಮೇಲೆ ಆ ತೀರ್ಮಾನ ಮಾಡುವವರು ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ಹಣದ ಮಾತು. ಇನ್ನು ಹೇಳುವುದು ಕಣ್ಣು, ಕೈಗಳ ಮಾತು. ದಯವಿಟ್ಟು ಓದಿ, ಕೆಲಸದವರಿಗೂ ಓದಿ ಹೇಳಿ.

ಪಾಲಿಯೆಸ್ಟರ್ ರೆಸಿನ್ ತಾನಾಗಿ ಬೇಗ ಗಟ್ಟಿಯಾಗುವುದಿಲ್ಲ. ಅದಕ್ಕೆ ಕೋಬಾಲ್ಟ್ ಎಂಬ ನೇರಳೆ ದ್ರವವನ್ನೂ, ಎಂ.ಇ.ಕೆ.ಪಿ. ಎಂಬ ನೀರಿನಂಥ ಹಾರ್ಡ್‌ನರನ್ನೂ ಸೇರಿಸುತ್ತಾರೆ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನೂ ಪೇಟೆಯಲ್ಲಿದೆ. ಯಾವುದೆಂದು ಡಬ್ಬದ ಚೀಟಿ ಓದಿ ಕೊಳ್ಳಬೇಕು. ಹಾರ್ಡ್‌ನರ್ ಸಾಮಾನ್ಯವಾಗಿ ರೆಸಿನ್ ತೂಕದ ಶೇಕಡಾ 1ರಿಂದ 2. ಎಂದರೆ 300 ಗ್ರಾಂ ರೆಸಿನ್ನಿಗೆ ಶೇಕಡಾ ಒಂದೂವರೆಯಂತೆ ನಾಲ್ಕೂವರೆ ಗ್ರಾಂ, ಒಂದು ಸಣ್ಣ ಚಮಚೆಯಷ್ಟೂ ಇಲ್ಲ. ಇಷ್ಟು ಸಣ್ಣ ಪ್ರಮಾಣವನ್ನು ಕೈಯಂದಾಜಿನಲ್ಲಿ ಸುರಿದರೆ ಒಮ್ಮೆ ದಿನವಿಡೀ ಹಸಿಯಾಗಿಯೇ ಉಳಿಯುತ್ತದೆ, ಇನ್ನೊಮ್ಮೆ ಕುಂಚ ಅದ್ದುವ ಮೊದಲೇ ಡಬ್ಬದಲ್ಲಿ ಕಲ್ಲಾಗಿ ಹೊಗೆಯಾಡುತ್ತದೆ. ಸೂಜಿ ತೆಗೆದ ಸಿರಿಂಜು ಇದಕ್ಕೆ ಒಳ್ಳೆಯ ಅಳತೆ. ಆದರೆ ಬಳಸಿದ ಮೇಲೆ ಅದನ್ನು ದನದ ಔಷಧಿಗೆ ಮತ್ತೆ ತರಬಾರದು. ಎಪಾಕ್ಸಿ ಎಂಬುದು ಬೇರೆಯೇ ಜಾತಿ, ಅದರ ಹಾರ್ಡ್‌ನರಿನ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೋಬಾಲ್ಟನ್ನೂ ಎಂ.ಇ.ಕೆ.ಪಿ.ಯನ್ನೂ ಯಾವ ಕಾರಣಕ್ಕೂ ಒಂದಕ್ಕೊಂದು ನೇರವಾಗಿ ಬೆರೆಸಕೂಡದು. ಬೆರೆತರೆ ಸಿಡಿದು ಬೆಂಕಿ ಹತ್ತಬಹುದು. ಮೊದಲು ರೆಸಿನ್ನಿಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಹಾಕಬೇಕು. ಎಂ.ಇ.ಕೆ.ಪಿ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಆ ಸೀಸೆಯ ಬಳಿಗೆ ಬಿಡಬಾರದು. ಹಾರಿದರೆ ಆ ಕ್ಷಣವೇ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ತೋಟಗಾರರಾದ ನಾವು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ತಾಮ್ರ, ಕಬ್ಬಿಣಗಳ ಲವಣ ತಗುಲಿದರೆ ಈ ದ್ರವ ಕೆರಳುತ್ತದೆ. ಮೈಲುತುತ್ತದ ಚೀಲವಿರುವ ಅದೇ ಉಗ್ರಾಣದ ಮೂಲೆಯಲ್ಲಿ, ಪೆಟ್ರೋಲ್ ಕ್ಯಾನಿನ ಪಕ್ಕದಲ್ಲಿ ಈ ಸೀಸೆಯನ್ನು ಇಡಬೇಡಿ. ಹಿತ್ತಾಳೆ, ತಾಮ್ರದ ಪಾತ್ರೆಗೆ ಸುರಿಯಬೇಡಿ. ಕುಡಿಯುವ ನೀರಿನ ಹಳೆಯ ಬಾಟಲಿಗಂತೂ ಎಂದಿಗೂ ತುಂಬಬೇಡಿ. ನೋಡಲು ಅದು ನೀರಿನಂತೆಯೇ ಇದೆ, ಬಾಯಾರಿದ ಮಗುವಿಗೆ ವ್ಯತ್ಯಾಸ ತಿಳಿಯದು.

ಈ ದೃಷ್ಟಿಯಿಂದಲೇ ಹೆಚ್ಚು ಕೊಳ್ಳುವುದು ದುಂದು ಮಾತ್ರವಲ್ಲ, ಅಪಾಯವೂ ಹೌದು. ಉಳಿದ ರೆಸಿನ್ ಕಸವಾದೀತು. ಉಳಿದ ಹಾರ್ಡ್‌ನರ್ ಮನೆಯಲ್ಲಿ ಹೆಸರಿಲ್ಲದ ಸೀಸೆಯಾಗಿ ಕುಳಿತಿರುತ್ತದೆ.

ಕಲಸುವಾಗಲೂ ಒಟ್ಟಿಗೆ ಎಲ್ಲವನ್ನೂ ಕಲಸಬೇಡಿ. ನಮ್ಮ ಬೇಸಿಗೆಯ ಶಾಖಕ್ಕೆ ಕಲಸಿದ ರೆಸಿನ್ ಹತ್ತಿಪ್ಪತ್ತು ನಿಮಿಷದಲ್ಲಿ ಬಿಗಿಯುತ್ತದೆ. 300 ಗ್ರಾಮಿನಂತೆ ಎರಡು ಮೂರು ಸಲ ಕಲಸುವುದು ಲೇಸು. ಇದರಿಂದೇಳುವ ಆವಿ ಬೆಂಕಿಗೆ ತಾಗುವಂಥದು. ಬೀಡಿ, ಒಲೆ ದೂರವಿರಲಿ, ಕೆಲಸ ಗಾಳಿಯಾಡುವ ಕಡೆ ನಡೆಯಲಿ. ಟ್ಯಾಂಕಿನ ಒಳಗಿಳಿದು ಮಾಡುವ ಕೆಲಸಕ್ಕೆ ಒಬ್ಬನನ್ನೇ ಇಳಿಸಬೇಡಿ. ಕುಡಿಯುವ ನೀರಿನ ಟ್ಯಾಂಕಿನ ಒಳಮೈಗೆ ಈ ಸಾಮಾನ್ಯ ರೆಸಿನ್ ಬಳಸಲೇಬೇಡಿ. ಅದನ್ನು ತೋಟದ ನೀರಿಗೆ ಇಳಿಸಿ, ಮನೆಗೆ ಬೇರೆ ತನ್ನಿ.

ಕಾಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ಒದ್ದೆ ಮೈಗೆ ರೆಸಿನ್ ಹಿಡಿಯದು, ತೇವ ಕುಡಿದ ಮ್ಯಾಟು ಬಿಳುಚಿ ಬಲಗುಂದುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ. ಕಾಫಿ, ಅಡಿಕೆ ಕೊಯ್ಲು ಮುಗಿದು, ಮೊದಲ ಔಷಧಿಗೆ ಇನ್ನೂ ಸಮಯವಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಪ್ರಶಸ್ತ. ರೆಸಿನ್ ತಂಪಾದ ನೆರಳಿನಲ್ಲಿ ಸುಮಾರು ಆರು ತಿಂಗಳು ಬಾಳುತ್ತದೆ. ಬಿಸಿಲಿನ ತಗಡಿನ ಕೆಳಗೆ ಅಷ್ಟೂ ಇಲ್ಲ. ಈ ವರ್ಷ ಉಳಿದದ್ದು ಬರುವ ವರ್ಷಕ್ಕೆ ಎಂಬ ಮಾತು ಗೊಬ್ಬರಕ್ಕೆ ಹೊಂದೀತು, ಇದಕ್ಕಲ್ಲ.

ಈ ವಿಚಾರ ಎತ್ತಿದಾಗಲೆಲ್ಲ ಎರಡು ಆಕ್ಷೇಪಣೆಗಳು ಬರುತ್ತವೆ. "ದೊಡ್ಡ ಡಬ್ಬ ಕೊಂಡರೆ ಕಿಲೋಗೆ ಅಗ್ಗ" ಎಂಬುದು ಒಂದು. ಒಪ್ಪಿದೆ. ಆದರೆ ಐದು ಕಿಲೋ ಕೊಂಡು ನಾಲ್ಕು ಕಿಲೋ ಎಸೆದವನಿಗೆ ಉಪಯೋಗಿಸಿದ ಒಂದು ಕಿಲೋ ಎಷ್ಟಕ್ಕೆ ಬಿತ್ತು ಎಂದು ಭಾಗಿಸಿ ನೋಡಿದರೆ ಅಗ್ಗದ ಮಾತು ನಿಲ್ಲುವುದಿಲ್ಲ. "ಕೆಲಸ ಬಲ್ಲವನ ಕೈಯೇ ತಕ್ಕಡಿ, ಅವನಿಗೆ ಚೀಟಿ ಯಾಕೆ" ಎಂಬುದು ಇನ್ನೊಂದು. ಕುಶಲಿಯ ಕೈಗೆ ನನ್ನ ಗೌರವವಿದೆ. ಮ್ಯಾಟು ಒತ್ತಿ ಗಾಳಿಗುಳ್ಳೆ ತೆಗೆಯುವ ಹದ ಪುಸ್ತಕದಿಂದ ಬರುವುದಿಲ್ಲ. ಆದರೆ ಸಾಮಾನು ತರುವವನು ಯಜಮಾನ, ಹಣ ಕೊಡುವವನು ಯಜಮಾನ. ಸಾಲದ ಸಾಮಾನಿನಲ್ಲಿ ಕೆಲಸ ಮುಗಿಸುವ ಕಷ್ಟ ಮಾತ್ರ ಆ ಕುಶಲಿಯದು. ಎರಡೇ ಪದರಕ್ಕೆ ನಿಲ್ಲಿಸಿದ್ದು ಅವನ ಸೋಮಾರಿತನದಿಂದಲ್ಲ, ಡಬ್ಬ ಬರಿದಾದದ್ದರಿಂದ. ದೂರು ಮಾತ್ರ ಅವನ ತಲೆಗೆ. ಚೀಟಿ ಬರೆದರೆ ಅವನಿಗೂ ನ್ಯಾಯ ಸಿಗುತ್ತದೆ.

ಆದುದರಿಂದ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತಿದ್ದೇನೆ. ಒಂದು, ನಮ್ಮ ಮಾರಾಟ ವಿಭಾಗದಲ್ಲಿ ಮ್ಯಾಟು, ರೆಸಿನ್ನುಗಳನ್ನು ಬೇಕಾದಷ್ಟೇ ತೂಕದಲ್ಲಿ ಕೊಡುವ ಏರ್ಪಾಡು ಆಗಬೇಕು. ದಾಸ್ತಾನನ್ನು ಜನವರಿಯಲ್ಲಿ ತರಿಸಿ ಮೇ ಒಳಗೆ ಮುಗಿಸಬೇಕು. ಎರಡು, ಹಾರ್ಡ್‌ನರನ್ನು ದೊಡ್ಡ ಕ್ಯಾನಿನಿಂದ ನಾವೇ ಸುರಿದು ಮಾರಕೂಡದು. ತಯಾರಕರೇ ತುಂಬಿ ಚೀಟಿ ಅಂಟಿಸಿದ ಸಣ್ಣ ಸೀಸೆಗಳನ್ನು ಮಾತ್ರ ತರಿಸಬೇಕು, ಅದನ್ನೂ ಕೋಬಾಲ್ಟನ್ನೂ ಒಂದೇ ಚೀಲದಲ್ಲಿ ಹಾಕಿ ಕೊಡಬಾರದು. ಮೂರು, ಒಂದು ಸಣ್ಣ ತಕ್ಕಡಿ, ಒಂದು ಉರುಳೆ, ಎರಡು ಜೊತೆ ಕನ್ನಡಕಗಳನ್ನು ಸಂಘದಲ್ಲಿಟ್ಟು ಸದಸ್ಯರಿಗೆ ಎರವಲು ಕೊಡಬೇಕು. ಕೊಟ್ಟವ ಕೋಡಂಗಿಯಾಗದಂತೆ ಠೇವಣಿ ಇಟ್ಟುಕೊಂಡರಾಯಿತು. ನಾಲ್ಕು, ಅಳತೆಯ ಚೀಟಿ ತಂದವರಿಗೆ ಮಾತ್ರ ರೆಸಿನ್ ಎಂಬ ನಿಯಮವಾಗಬೇಕು. ಮೇಲೆ ಹೇಳಿದ ನಾಲ್ಕು ಸಾಲು ಅದರಲ್ಲಿದ್ದರೆ ಸಾಕು. ಬರೆಯಲು ಬಾರದವರು ಅಳತೆ ಹೇಳಲಿ, ನಮ್ಮ ಗುಮಾಸ್ತರು ಬರೆದುಕೊಳ್ಳುತ್ತಾರೆ.

ನಾಲ್ಕನೆಯದು ಕೆಲವರಿಗೆ ಬಿಗಿಯೆನಿಸಬಹುದು. "ನನ್ನ ದುಡ್ಡು, ನನಗೆ ಬೇಕಾದಷ್ಟು ಕೊಳ್ಳುತ್ತೇನೆ" ಎನ್ನುವ ಹಕ್ಕು ಸದಸ್ಯರಿಗೆ ಪೇಟೆಯಲ್ಲಿ ಇದ್ದೇ ಇದೆ. ಆದರೆ ಸಹಕಾರ ಸಂಘವು ಬರೀ ಅಂಗಡಿಯಲ್ಲ. ಹೆಚ್ಚು ಮಾರಿದರೆ ಲಾಭವೆಂಬುದು ಅಂಗಡಿಯವನ ಲೆಕ್ಕ. ಸದಸ್ಯನಿಗೆ ಬೇಕಾದಷ್ಟನ್ನೇ ಕೊಟ್ಟು, ಬೇಡದ್ದನ್ನು ಬೇಡವೆಂದು ಹೇಳುವುದು ಸಂಘದ ಲೆಕ್ಕ. ಗೊಬ್ಬರಕ್ಕೆ ಮಣ್ಣುಪರೀಕ್ಷೆಯ ಚೀಟಿ ನೋಡಿ ಸಲಹೆ ಕೊಡುವುದು ಸರಿಯಾದರೆ, ರೆಸಿನ್ನಿಗೆ ಅಳತೆಯ ಚೀಟಿ ಕೇಳುವುದು ತಪ್ಪೇನಲ್ಲ.

ಈ ಸಲಹೆಗಳನ್ನು ಮುಂದಿನ ಆಡಳಿತ ಮಂಡಲಿಯ ಸಭೆಯ ಮುಂದಿಡಲಿದ್ದೇನೆ. ಪರವಿರಲಿ, ವಿರೋಧವಿರಲಿ, ಸದಸ್ಯರು ತಮ್ಮ ಅಭಿಪ್ರಾಯವನ್ನು ಅದಕ್ಕೂ ಮೊದಲು ಬರೆದು ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ತೊಟ್ಟಿ, ಟ್ಯಾಂಕು, ಅಂಗಳದ ತಗಡುಗಳನ್ನು ಒಮ್ಮೆ ನೋಡಿ ಬನ್ನಿ. ಬಿರುಕು ಕಂಡಲ್ಲಿ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯಿರಿ, ಟೇಪು ಹಿಡಿಯಿರಿ, ಚೀಟಿ ಬರೆಯಿರಿ. ಪೇಟೆಗೆ ಹೋಗುವುದು ಆಮೇಲಿನ ಕೆಲಸ.

— ಕಾರ್ಯದರ್ಶಿ